ಬಾರ್ ಬಿಟ್ಟು ಬಂದ ಡಾಕ್ಟರ್: 'ಫ್ರೇಜರ್' ಸ್ಪಿನ್‌ಆಫ್ ಗೆದ್ದಿದ್ದು ಹೇಗೆ?

'ಚಿಯರ್ಸ್' ಮುಗಿಯುತ್ತದೆ ಅಂತ ಗೊತ್ತಾದಾಗ ಅಮೆರಿಕದ ಎನ್‌ಬಿಸಿ ವಾಹಿನಿಯವರಿಗೆ ಚಿಂತೆ ಶುರುವಾಯಿತು. 1982ರಲ್ಲಿ ಆರಂಭವಾದ ಕಾಮಿಡಿ ಅದು. ಮೊದಲ ವರ್ಷ ರೇಟಿಂಗ್ ಪಟ್ಟಿಯ ತಳದಲ್ಲಿತ್ತು. ಆಮೇಲೆ ನಿಧಾನವಾಗಿ ಮೇಲೇರಿ ಗುರುವಾರದ ರಾತ್ರಿಗಳನ್ನು ಆಳಿತು, ಒಟ್ಟು ಹನ್ನೊಂದು ವರ್ಷ ಓಡಿತು. ಬಾಸ್ಟನ್ ನಗರದ ಒಂದು ಬಾರ್, ಅದರ ಮಾಲೀಕ ಸ್ಯಾಮ್, ದಿನಾ ಬಂದು ಅದೇ ಸ್ಟೂಲ್ ಮೇಲೆ ಕೂರುವ ನಾಲ್ಕು ಜನ. ಕಥೆ ಅಂದರೆ ಅಷ್ಟೇ. ಸ್ಯಾಮ್ ಪಾತ್ರದ ಟೆಡ್ ಡ್ಯಾನ್ಸನ್ ಇನ್ನು ಸಾಕು ಅಂದರು. 1993ರ ಮೇ 20ರಂದು ಕೊನೆಯ ಕಂತು ಬಂತು.

ಇಷ್ಟು ದೊಡ್ಡ ಶೋ ಮುಗಿದರೆ ಅದರದ್ದೊಂದು ಟೊಂಗೆ ಮುರಿದು ಬೇರೆ ಕಡೆ ನೆಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಹಳೆ ಶೋದ ಪಾತ್ರವೊಂದನ್ನು ತೆಗೆದು ಹೊಸ ಶೋ ಕಟ್ಟುವ ಇದಕ್ಕೇ ಸ್ಪಿನ್‌ಆಫ್ ಅನ್ನುವುದು. ಆದರೆ ಇಲ್ಲಿ ನಡೆದಿದ್ದು ಸ್ವಲ್ಪ ಬೇರೆ. ಆ ಶೋದಲ್ಲಿ ಡಾಕ್ಟರ್ ಫ್ರೇಜರ್ ಕ್ರೇನ್ ಎಂಬ ಮನೋವೈದ್ಯನ ಪಾತ್ರ ಮಾಡಿದ್ದ ಕೆಲ್ಸಿ ಗ್ರ್ಯಾಮರ್‌ಗೆ ಹೊಸ ಶೋ ಕೊಡುವುದು ನಿಜ. ಆದರೆ ಮೊದಲ ಯೋಜನೆಯಲ್ಲಿ ಫ್ರೇಜರ್ ಇರಲೇ ಇಲ್ಲ. ಬರೆಯಬೇಕಾಗಿದ್ದವರು ಡೇವಿಡ್ ಏಂಜೆಲ್, ಪೀಟರ್ ಕೇಸಿ ಮತ್ತು ಡೇವಿಡ್ ಲೀ. ಮೂವರೂ 'ಚಿಯರ್ಸ್'ನಲ್ಲಿ ಪಳಗಿದವರು. ಹಳೆ ಪಾತ್ರ ಹಿಡಿದುಕೊಂಡು ಹೋದರೆ ಜನ ಹೋಲಿಸದೆ ಬಿಡುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಅವರು ಹೊಸದೊಂದು ಕಥೆ ಹೊಸೆದರು. ಮ್ಯಾನ್‌ಹಟನ್‌ನಲ್ಲಿ ಒಬ್ಬ ಆಗರ್ಭ ಶ್ರೀಮಂತ. ಪತ್ರಿಕೆ, ಟಿವಿ ಎಲ್ಲದರ ಒಡೆಯ. ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋಗಿದೆ, ಹಾಸಿಗೆಯಿಂದಲೇ ಸಾಮ್ರಾಜ್ಯ ನಡೆಸುತ್ತಾನೆ. ನೋಡಿಕೊಳ್ಳಲು ಬಾಯಿ ಜೋರಿನ ಒಬ್ಬಳು ನರ್ಸ್. ಸ್ಟುಡಿಯೊ ಪ್ಯಾರಾಮೌಂಟ್‌ನವರಿಗೆ ಇದರಲ್ಲಿ ನಗು ಕಾಣಲಿಲ್ಲ. ಕಾಮಿಡಿ ಅಂದರೆ ನಗು ಬರಬೇಕಲ್ವಾ? ಫ್ರೇಜರ್‌ನನ್ನೇ ಇಟ್ಟುಕೊಂಡು ಬರೆಯಿರಿ ಅಂದರು.

ಈ ಪ್ರಕರಣ ನನಗೆ ಹಿಡಿಸುವುದೇ ಇಲ್ಲಿ. ಸ್ಪಿನ್‌ಆಫ್ ಮಾಡಲು ಮನಸ್ಸೇ ಇಲ್ಲದ ಮೂವರು ಸ್ಪಿನ್‌ಆಫ್ ಮಾಡಿದರು. ಹಳೆಯದಕ್ಕೆ ಅಂಟಿಕೊಳ್ಳಬಾರದು ಎಂಬ ಭಯ ಅವರ ಪ್ರತಿಯೊಂದು ತೀರ್ಮಾನದಲ್ಲೂ ಕಾಣುತ್ತದೆ.

ಅವರ ಭಯಕ್ಕೆ ಕಾರಣವೂ ಇತ್ತು. ಅದೇ ಬಾರ್‌ನಿಂದ ಅದಕ್ಕೂ ಮೊದಲು ಒಂದು ಸ್ಪಿನ್‌ಆಫ್ ಹೊರಬಂದು ಮಣ್ಣುಮುಕ್ಕಿತ್ತು. 1987ರ ಜನವರಿಯಲ್ಲಿ ಬಂದ 'ದಿ ಟಾರ್ಟೆಲ್ಲೀಸ್'. 'ಚಿಯರ್ಸ್'ನಲ್ಲಿ ಕಾರ್ಲಾ ಎಂಬ ವೇಟ್ರೆಸ್ ಇದ್ದಳು. ಅವಳ ಮಾಜಿ ಗಂಡ ನಿಕ್ ಟಾರ್ಟೆಲ್ಲಿ. ಸೋಮಾರಿ, ಸುಳ್ಳುಗಾರ, ಹೆಂಗಸರ ಹಿಂದೆ ಬೀಳುವವನು. ವರ್ಷಕ್ಕೆ ಒಂದೋ ಎರಡೋ ಸಲ ಬಾರ್‌ಗೆ ಬರುತ್ತಿದ್ದ, ಎಲ್ಲರಿಂದ ಉಗಿಸಿಕೊಂಡು ಹೋಗುತ್ತಿದ್ದ. ಜನ ನಗುತ್ತಿದ್ದರು. ಅವನನ್ನು ಲಾಸ್ ವೇಗಸ್‌ಗೆ ಕಳಿಸಿ, ಟಿವಿ ರಿಪೇರಿ ಅಂಗಡಿ ಹಾಕಿಸಿ, ಹೊಸ ಹೆಂಡತಿ ಲೊರೆಟಾಳ ಮನಸ್ಸು ಗೆಲ್ಲಲು ಒಳ್ಳೆಯವನಾಗುವ ಕಥೆ ಮಾಡಿದರು. 13 ಕಂತಿಗೆ ಮುಗಿಯಿತು.

ನಟ ಡ್ಯಾನ್ ಹೆಡಾಯಾ ಕಡಿಮೆ ನಟರೇನಲ್ಲ. ತಪ್ಪು ಇದ್ದದ್ದು ಆಯ್ಕೆಯಲ್ಲಿ. ನಿಕ್ ನಗಿಸುತ್ತಿದ್ದುದು ಅವನು ಕೆಟ್ಟವನಾಗಿದ್ದರಿಂದ. ನಾಯಕ ಮಾಡಬೇಕಾದರೆ ಅವನನ್ನು ಒಳ್ಳೆಯವನನ್ನಾಗಿ ಮಾಡಲೇಬೇಕು. ಒಳ್ಳೆಯವನಾದರೆ ನಗುವೇ ಹೋಯಿತು. ಎರಡು ನಿಮಿಷಕ್ಕೆ ಬಂದು ಹೋಗುವ ಪಾತ್ರಕ್ಕೆ ಒಂದೇ ಮುಖ ಇದ್ದರೆ ಸಾಕು. ಅರ್ಧ ಗಂಟೆ ಎಳೆಯಲು ಅದು ಸಾಲುವುದಿಲ್ಲ.

ಫ್ರೇಜರ್ ಹಾಗಲ್ಲ. 1984ರಲ್ಲಿ, ಮೂರನೇ ಸೀಸನ್ ಶುರುವಿನಲ್ಲಿ ಅವನು ಬಂದಾಗ ಅವನಿಗೂ ಕೆಲವೇ ಕಂತುಗಳ ಆಯುಸ್ಸು ಬರೆದಿದ್ದರು. ಸ್ಯಾಮ್ ಮತ್ತು ಡಯಾನ್ ಎಂಬ ಜೋಡಿಯ ನಡುವೆ ಬರುವ ಮೂರನೆಯವನು ಅಷ್ಟೇ. ಡಯಾನ್ ಅವನನ್ನು ಮದುವೆ ಮಂಟಪದಲ್ಲೇ ಬಿಟ್ಟು ಹೋಗುತ್ತಾಳೆ. ಕಥೆಯ ಪ್ರಕಾರ ಅವನ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಗ್ರ್ಯಾಮರ್ ಮಾತನ್ನು ಹೇಳುವ ರೀತಿ ಬರಹಗಾರರಿಗೆ ಹಿಡಿಸಿತು. ಬಾರ್‌ನ ಮೂಲೆಯಲ್ಲಿ ಅವನಿಗೊಂದು ಸ್ಟೂಲ್ ಸಿಕ್ಕಿತು. ಒಂಬತ್ತು ವರ್ಷ ಅಲ್ಲೇ ಕೂತ.

ಆ ಬಾರ್‌ನಲ್ಲಿ ಉಳಿದವರನ್ನು ನೋಡಿ. ನಾರ್ಮ್‌ನನ್ನು ಸ್ಟೂಲ್‌ನಿಂದ ಎಬ್ಬಿಸಿದರೆ ಅವನು ನಾರ್ಮ್ ಅಲ್ಲ. ಪೋಸ್ಟ್‌ಮ್ಯಾನ್ ಕ್ಲಿಫ್‌ನ ಬುರುಡೆ ಕೇಳಲು ಪಕ್ಕದಲ್ಲಿ ನಾರ್ಮ್ ಇರಲೇಬೇಕು. ಸ್ಯಾಮ್ ಅಂದರೆ ಬಾರ್, ಬಾರ್ ಅಂದರೆ ಸ್ಯಾಮ್. ಫ್ರೇಜರ್ ಒಬ್ಬನಿಗೆ ಮಾತ್ರ ಆಚೆ ಒಂದು ಲೋಕ ಇತ್ತು. ಹಾರ್ವರ್ಡ್‌ನಲ್ಲಿ ಓದಿದವನು, ಒಪೆರಾ ಕೇಳುವವನು, ಊರಿನವರ ಮನಸ್ಸು ರಿಪೇರಿ ಮಾಡುವವನು. ಸ್ವಂತ ಬದುಕು ಮಾತ್ರ ಯಾವಾಗಲೂ ಹಳ್ಳ ಹಿಡಿದಿರುತ್ತದೆ. ಎರಡು ಮುಖ ಆಗಲೇ ಇದ್ದವು. ಬೇರೆ ಊರಿಗೆ ಹೋದರೂ ಅವನು ಅವನೇ.

ಇನ್ನು ಅವರು ತೆಗೆದುಕೊಂಡ ತೀರ್ಮಾನಗಳು.

ಮೊದಲನೆಯದು ಊರು. ಬಾಸ್ಟನ್ ಬೇಡ ಅಂತ ಮೂವರೂ ಹಟ ಹಿಡಿದರು. ಅಲ್ಲೇ ಇದ್ದರೆ ಚಾನೆಲ್‌ನವರು ಸುಮ್ಮನಿರುವುದಿಲ್ಲ. ವಾರಕ್ಕೊಬ್ಬ ಹಳೆಯ ಗೆಳೆಯನನ್ನು ಬಾಗಿಲು ತಟ್ಟಿಸುತ್ತಾರೆ. ನಮ್ಮ ಕನ್ನಡ ವಾಹಿನಿಗಳ 'ಮಹಾಸಂಗಮ' ನೋಡಿದವರಿಗೆ ಈ ಆಸೆ ಅರ್ಥವಾಗುತ್ತದೆ. ಎರಡು ಸೀರಿಯಲ್ ಮನೆಯವರನ್ನು ಒಂದೇ ಮದುವೆ ಮನೆಗೆ ತಂದರೆ ಆ ವಾರದ ಟಿಆರ್‌ಪಿ ಏರಬಹುದು. ಆದರೆ ಎರಡೂ ಕಥೆಗಳು ಅಲ್ಲೇ ನಿಂತುಬಿಡುತ್ತವೆ. ಮೊದಲು ಡೆನ್ವರ್ ನಗರ ಅಂದುಕೊಂಡಿದ್ದರು. ಅಷ್ಟರಲ್ಲಿ, 1992ರ ನವೆಂಬರ್‌ನಲ್ಲಿ, ಕೊಲರಾಡೊ ರಾಜ್ಯದ ಮತದಾರರು ಸಲಿಂಗಿಗಳಿಗೆ ಕಾನೂನಿನ ರಕ್ಷಣೆ ಸಿಗದಂತೆ ತಡೆಯುವ ತಿದ್ದುಪಡಿಯೊಂದನ್ನು ಗೆಲ್ಲಿಸಿದರು. ಅಂಥ ಕಡೆ ನಮ್ಮ ಕಥೆ ಬೇಡ ಅಂತ ಇವರು ಸಿಯಾಟಲ್‌ಗೆ ಹೋದರು. ಬಾಸ್ಟನ್ ದೇಶದ ಒಂದು ತುದಿ, ಸಿಯಾಟಲ್ ಇನ್ನೊಂದು ತುದಿ. ಯಾರೂ ಹಾಗೇ ಸುಮ್ನೆ ಬಂದು ಹೋಗುವ ದೂರವಲ್ಲ. ತಮಾಷೆ ಅಂದರೆ, ಚಿತ್ರೀಕರಣ ನಡೆದದ್ದು ಪ್ಯಾರಾಮೌಂಟ್‌ನ ಸ್ಟೇಜ್ 25ರಲ್ಲಿ. ಹನ್ನೊಂದು ವರ್ಷ 'ಚಿಯರ್ಸ್' ಬಾರ್ ಇದ್ದದ್ದೂ ಅಲ್ಲೇ. ಬಾರ್ ಕಿತ್ತು ಆ ಜಾಗದಲ್ಲಿ ಫ್ರೇಜರ್‌ನ ಫ್ಲ್ಯಾಟ್ ಕಟ್ಟಿದರು.

ಎರಡನೆಯದು ಕೆಲಸ. ವಿಚ್ಛೇದನವಾಗಿ ಹುಟ್ಟೂರಿಗೆ ವಾಪಸು ಬಂದ ಫ್ರೇಜರ್ ರೇಡಿಯೊದಲ್ಲಿ ಕೇಳುಗರ ಸಮಸ್ಯೆಗೆ ಉತ್ತರ ಹೇಳುತ್ತಾನೆ. ಸ್ಟೇಷನ್ ಹೆಸರು ಕೆಎಸಿಎಲ್. ಏಂಜೆಲ್, ಕೇಸಿ, ಲೀ ತಮ್ಮ ಹೆಸರಿನ ಅಕ್ಷರಗಳನ್ನೇ ಅದರೊಳಗೆ ತುರುಕಿದ್ದಾರೆ. ಮೊದಮೊದಲು ಇಡೀ ಶೋ ಸ್ಟೇಷನ್ ಒಳಗೇ ನಡೆಯಲಿ ಅಂದುಕೊಂಡಿದ್ದರು. ರೇಡಿಯೊ ಸ್ಟೇಷನ್ ಮೇಲೆ ಅದಾಗಲೇ ಹೆಸರು ಮಾಡಿದ ಕಾಮಿಡಿ ಒಂದಿತ್ತು. ಇದು ಅದರ ನಕಲಾಗುತ್ತದೆ ಅನ್ನಿಸಿತು. ಹಾಗಾದರೆ ಮನೆಯಲ್ಲಿ ಯಾರಿರಬೇಕು?

ಈ ಪ್ರಶ್ನೆಗೆ ಸಿಕ್ಕ ಉತ್ತರವೇ ಆ ಶೋದ ಜೀವ. ಅಪ್ಪ.

ಪೀಟರ್ ಕೇಸಿಯ ತಂದೆ ಪೊಲೀಸ್ ಆಗಿದ್ದವರು. ಫ್ರೇಜರ್‌ನ ಅಪ್ಪ ಮಾರ್ಟಿನ್ ಕೂಡ ನಿವೃತ್ತ ಪೊಲೀಸ್ ಆದ. ಡ್ಯೂಟಿಯಲ್ಲಿ ಗುಂಡು ಬಿದ್ದು ಸೊಂಟ ಹೋಗಿದೆ. ಕೈಯಲ್ಲಿ ಕೋಲು. ಒಬ್ಬನೇ ಇರಲು ಆಗದೆ ಮಗನ ಮನೆಗೆ ಬರುತ್ತಾನೆ. ಮಗನ ಮನೆ ಎಂದರೆ ಆಕಾಶ ಮುಟ್ಟುವ ಫ್ಲ್ಯಾಟ್. ಹೆಸರಾಂತ ವಿನ್ಯಾಸಕರ ಕುರ್ಚಿ, ಕಲಾಕೃತಿ, ಪಿಯಾನೊ. ಅದರ ನಡುವೆ ಮಾರ್ಟಿನ್ ತನ್ನ ಹಳೆ ಆರಾಮ ಕುರ್ಚಿ ತಂದು ಹಾಕಿಸುತ್ತಾನೆ. ಪಟ್ಟೆ ಪಟ್ಟೆ ಬಟ್ಟೆ, ಹರಿದ ಕಡೆ ಟೇಪ್ ಅಂಟಿಸಿದ್ದು. ಜೊತೆಗೆ ಎಡ್ಡಿ ಎಂಬ ನಾಯಿ. ಅದಕ್ಕೆ ಫ್ರೇಜರ್‌ನನ್ನು ದಿಟ್ಟಿಸುತ್ತಾ ಕೂರುವುದೇ ಕೆಲಸ. ಮೊದಲ ಕಂತು 1993ರ ಸೆಪ್ಟೆಂಬರ್ 16ರಂದು ಬಂತು. ಆ ಕಂತಿನಲ್ಲೇ ಅಪ್ಪ ಮಗ ಜೋರಾಗಿ ಜಗಳ ಆಡುತ್ತಾರೆ. ನಗಿಸಲು ಬಂದ ಶೋ ಮೊದಲ ದಿನವೇ ಅಷ್ಟು ಕಹಿ ಮಾತು ಆಡಿಸಿತ್ತು. ಒಂದು ಥ್ಯಾಂಕ್ಸ್ ಕೂಡ ಹೇಳದ ಅಪ್ಪ, ಅದಕ್ಕಾಗಿ ಕಾಯುವ ಮಗ. ವಯಸ್ಸಾದ ತಂದೆತಾಯಿಯನ್ನು ಮನೆಗೆ ಕರೆತಂದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ವಲ್ಪ ಹಿಂದೆ ನಿಂತು ನೋಡಿ. ಬಿಯರ್ ಕುಡಿಯುವ, ಟಿವಿಯಲ್ಲಿ ಆಟ ನೋಡುವ, ಫ್ರೇಜರ್‌ನ ಠೀವಿಗೆ ಮೂಗು ಮುರಿಯುವ ಮನುಷ್ಯ. ಬಾಸ್ಟನ್ ಬಾರ್‌ನಲ್ಲಿ ನಾಲ್ಕು ಜನ ಸೇರಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮಾರ್ಟಿನ್ ಒಬ್ಬನೇ ಮಾಡುತ್ತಾನೆ. ಫ್ರೇಜರ್ ಯಾರ ಮಧ್ಯೆ ಇದ್ದಾಗ ನಗು ಹುಟ್ಟುತ್ತಿತ್ತು ಎಂಬುದನ್ನು ಬರಹಗಾರರು ಸರಿಯಾಗಿ ಹಿಡಿದಿದ್ದರು. ಆ ಜನರನ್ನು ಹೊತ್ತು ತರಲಿಲ್ಲ. ಆ ತಿಕ್ಕಾಟವನ್ನು ಮಾತ್ರ ತಂದರು. ಜೊತೆಗೆ ಅದಕ್ಕೆ ರಕ್ತಸಂಬಂಧ ಸೇರಿಸಿದರು. ಬಾರ್ ಗೆಳೆಯರ ಮೇಲೆ ಸಿಟ್ಟು ಬಂದರೆ ಎದ್ದು ಹೋಗಬಹುದು. ಅಪ್ಪನನ್ನು ಬಿಟ್ಟು ಎಲ್ಲಿಗೆ ಹೋಗೋಣ?

ತಮ್ಮ ನೈಲ್ಸ್ ಬಂದದ್ದು ಹೆಚ್ಚುಕಡಿಮೆ ಆಕಸ್ಮಿಕ. ಕಾಸ್ಟಿಂಗ್ ವಿಭಾಗದವರು ಡೇವಿಡ್ ಹೈಡ್ ಪಿಯರ್ಸ್ ಎಂಬ ನಟನ ಫೋಟೊ ತೋರಿಸಿ, ಹರೆಯದ ಗ್ರ್ಯಾಮರ್ ತರಹವೇ ಇದ್ದಾರೆ ಅಂದರು. ತಮ್ಮನೊಬ್ಬ ಇರಲಿ ಎಂಬ ಯೋಚನೆ ಗಟ್ಟಿಯಾಯಿತು. ನೈಲ್ಸ್ ಕೂಡ ಮನೋವೈದ್ಯ, ಅಣ್ಣನಿಗಿಂತ ಒಂದು ಕೈ ಮೇಲಿನ ಠೀವಿಯವನು. ಇವನು ಬಂದಿದ್ದರಿಂದ ಒಂದು ದೊಡ್ಡ ಉಪಕಾರವಾಯಿತು. 'ಚಿಯರ್ಸ್'ನಲ್ಲಿ ಫ್ರೇಜರ್ ಎಲ್ಲರಿಗಿಂತ ನಯನಾಜೂಕಿನವನು. ನೈಲ್ಸ್ ಪಕ್ಕದಲ್ಲಿ ಅವನೇ ಸಾಮಾನ್ಯ ಮನುಷ್ಯನಂತೆ ಕಾಣುತ್ತಾನೆ. ನಾಯಕನಾಗಲು ಅಷ್ಟು ಸಾಕಾಯಿತು. ನಿಕ್ ಟಾರ್ಟೆಲ್ಲಿಯನ್ನು ತಿದ್ದಲು ಅವನ ಸ್ವಭಾವವನ್ನೇ ಬದಲಿಸಿದ್ದರು. ಫ್ರೇಜರ್‌ನ ಸ್ವಭಾವ ಹಾಗೇ ಬಿಟ್ಟು, ಪಕ್ಕದಲ್ಲಿ ಕೂತವರನ್ನು ಬದಲಿಸಿದರು.

ಹಳೆ ಮನೆಯಿಂದ ಏನೂ ತರಲೇ ಇಲ್ಲ ಅಂತಲ್ಲ. 'ಚಿಯರ್ಸ್'ನಲ್ಲಿ ನಾರ್ಮ್‌ನ ಹೆಂಡತಿ ವೆರಾ ಬಗ್ಗೆ ಮಾತು ಜಾಸ್ತಿ, ಮುಖ ಮಾತ್ರ ಕಾಣುತ್ತಿರಲಿಲ್ಲ. ಅದೇ ಉಪಾಯವನ್ನು ನೈಲ್ಸ್‌ನ ಹೆಂಡತಿ ಮ್ಯಾರಿಸ್‌ಗೆ ಬಳಸಿದರು. ಸ್ವಲ್ಪ ಕಾಲ ತೋರಿಸದೆ ಆಟ ಆಡಿಸಿ, ಆಮೇಲೆ ತೋರಿಸೋಣ ಅಂದುಕೊಂಡಿದ್ದರಂತೆ. ಆದರೆ ಅವಳ ಬಡಕಲು ದೇಹ, ಅವಳ ಅಲರ್ಜಿಗಳ ವರ್ಣನೆ ಎಲ್ಲಿಗೆ ಹೋಯಿತೆಂದರೆ, ಯಾವ ಮನುಷ್ಯಮಾತ್ರದವಳೂ ಆ ಪಾತ್ರ ಮಾಡಲು ಸಾಧ್ಯವಿರಲಿಲ್ಲ.

ಈಗ ಒಂದು ತೊಡಕು. 'ಚಿಯರ್ಸ್'ನಲ್ಲಿ ಫ್ರೇಜರ್ ತನ್ನ ಅಪ್ಪ ಸತ್ತುಹೋದ ಅಂದಿದ್ದ. ಅದೂ ಪೊಲೀಸ್ ಅಲ್ಲ, ವಿಜ್ಞಾನಿ ಅಂತ. ಹಳೆ ಅಭಿಮಾನಿಗಳು ಇಂಥದ್ದನ್ನು ಬಿಡುವುದಿಲ್ಲ. ಬರಹಗಾರರು ಹೆಚ್ಚುಕಡಿಮೆ ಒಂದೂವರೆ ವರ್ಷ ಈ ವಿಷಯ ಎತ್ತಲೇ ಇಲ್ಲ. 1995ರ ಫೆಬ್ರವರಿಯಲ್ಲಿ ಸ್ಯಾಮ್ ಸಿಯಾಟಲ್‌ಗೆ ಅತಿಥಿಯಾಗಿ ಬಂದ. ಮಾರ್ಟಿನ್‌ನನ್ನು ನೋಡಿ, ನೀವು ಸತ್ತುಹೋಗಿದ್ದಿರಲ್ಲ ಎಂದು ಬೆರಗಾದ. ಆಗ ಅಪ್ಪನ ಜೊತೆ ಜಗಳವಾಗಿತ್ತು, ಸಿಟ್ಟಿನಲ್ಲಿ ಹಾಗೆ ಹೇಳಿಬಿಟ್ಟಿದ್ದೆ ಅಂತ ಫ್ರೇಜರ್ ಒಪ್ಪಿಕೊಳ್ಳುತ್ತಾನೆ. ಎರಡೇ ಸಾಲು. ಕಥೆಯ ತೂತು ಮುಚ್ಚಿತು, ಅಪ್ಪ ಮಗನ ಹಳೇ ಗಾಯವೂ ಕಂಡಿತು. ಸ್ಪಿನ್‌ಆಫ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಹಳೆಯ ಕಥೆಗೆ ಪೂರ್ತಿ ವಿಧೇಯರಾಗಿದ್ದರೆ ಮಾರ್ಟಿನ್ ಹುಟ್ಟುತ್ತಲೇ ಇರಲಿಲ್ಲ.

ಹಳೆಯ ಮುಖಗಳು ಬಂದ ಸಮಯವನ್ನೂ ಗಮನಿಸಬೇಕು. ಮಾಜಿ ಹೆಂಡತಿ ಲಿಲಿತ್ ಮೊದಲು ಬಂದದ್ದು 1994ರ ಫೆಬ್ರವರಿಯಲ್ಲಿ. ಸ್ಯಾಮ್ ಮುಂದಿನ ಫೆಬ್ರವರಿ. ಡಯಾನ್ ಅದರ ಮುಂದಿನ ಫೆಬ್ರವರಿ. ಅಮೆರಿಕದಲ್ಲಿ ವೀಕ್ಷಕರ ಎಣಿಕೆ ನಡೆದು ಜಾಹೀರಾತು ದರ ನಿಗದಿಯಾಗುವ ತಿಂಗಳುಗಳಲ್ಲಿ ಫೆಬ್ರವರಿಯೂ ಒಂದು. ಚಾನೆಲ್‌ಗೆ ಬೇಕಾದದ್ದು ಸಿಕ್ಕಿತು. ಆದರೆ ವರ್ಷಕ್ಕೊಮ್ಮೆ, ನೆಂಟರಂತೆ. ಉಂಡು ಹೊರಟರು. ಲಿಲಿತ್ ಮಾತ್ರ ಆಮೇಲೂ ಆಗಾಗ ಬರುತ್ತಿದ್ದಳು. ಅವಳು ಬರಲೇಬೇಕಿತ್ತು. ಮಗ ಫ್ರೆಡಿ ಅವಳ ಹತ್ತಿರ ಇದ್ದನಲ್ಲ.

ಫಲಿತಾಂಶ ಎಲ್ಲರಿಗೂ ಗೊತ್ತಿರುವಂಥದ್ದು. 1994ರಿಂದ 1998ರವರೆಗೆ ಸತತ ಐದು ವರ್ಷ ಅತ್ಯುತ್ತಮ ಕಾಮಿಡಿಗೆ ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿ ಎಮ್ಮಿ. ಒಟ್ಟು 37 ಎಮ್ಮಿ. 'ಚಿಯರ್ಸ್' ಗಳಿಸಿದ್ದು 28. ಅಮ್ಮನಂತೆ ಮಗಳೂ ಹನ್ನೊಂದು ಸೀಸನ್ ಓಡಿದಳು. 264 ಕಂತುಗಳಾಗಿ 2004ರ ಮೇ 13ರಂದು ಮುಗಿಯಿತು.

ಸರಿಸಮ ಆಯಿತಾ ಅಂದರೆ? ಪ್ರಶಸ್ತಿ ಎಣಿಸಿದರೆ ಮೀರಿಸಿತು. ಬರವಣಿಗೆಯ ಕುಸುರಿಯಲ್ಲೂ ಮೀರಿಸಿತು ಅಂತ ನನ್ನ ಅಭಿಪ್ರಾಯ. 1998ರಲ್ಲಿ ಬಂದ ಸ್ಕೀ ಲಾಡ್ಜ್ ಕಂತು ನೋಡಿ. ಒಂದು ರಾತ್ರಿ, ಒಂದಷ್ಟು ಕೋಣೆ, ಒಬ್ಬರ ಬಾಗಿಲು ಇನ್ನೊಬ್ಬರು ತಟ್ಟುತ್ತಾರೆ, ಪ್ರತಿಯೊಬ್ಬರಿಗೂ ತಪ್ಪು ತಿಳಿವಳಿಕೆ. ನಮ್ಮ ನಗೆನಾಟಕಗಳ ಗೊಂದಲದ ದೃಶ್ಯವನ್ನು ಗಡಿಯಾರದ ಯಂತ್ರದಷ್ಟು ನಿಖರವಾಗಿ ಕೂಡಿಸಿದ ಹಾಗೆ. 'ಚಿಯರ್ಸ್' ಇಂಥದ್ದನ್ನು ಮಾಡಿದ್ದು ಅಪರೂಪ.

ಆದರೆ ಒಂದು ವಿಷಯದಲ್ಲಿ ಹಳೆಯದೇ ಗಟ್ಟಿ. 1985ರಲ್ಲಿ ಕೋಚ್ ಪಾತ್ರದ ನಿಕೊಲಸ್ ಕೊಲಸಾಂಟೊ ತೀರಿಕೊಂಡರು. ಆ ಜಾಗಕ್ಕೆ ವುಡಿ ಬಂದ. 1987ರಲ್ಲಿ ಡಯಾನ್ ಪಾತ್ರದ ಶೆಲ್ಲಿ ಲಾಂಗ್ ಹೊರಟರು. ರೆಬೆಕಾ ಬಂದಳು. ಪ್ರತಿ ಸಲವೂ ಶೋ ಮತ್ತೆ ಉಸಿರಾಡಿತು. ಯಾಕೆಂದರೆ ಅದು ಒಂದು ಜಾಗದ ಕಥೆ. ಬಾರ್‌ಗೆ ಗಿರಾಕಿ ಬರುತ್ತಾರೆ, ಹೋಗುತ್ತಾರೆ. 'ಫ್ರೇಜರ್' ಒಂದು ಸಂಸಾರದ ಕಥೆ. ಅಲ್ಲಿ ಯಾರನ್ನೂ ಬದಲಿಸುವ ಹಾಗಿಲ್ಲ. ಮನೆಯೊಳಗಿನ ಸಮತೋಲ ತಪ್ಪಿದರೂ ಕಷ್ಟ. ಅಪ್ಪನನ್ನು ನೋಡಿಕೊಳ್ಳುವ ಡ್ಯಾಫ್ನಿಯನ್ನು ನೈಲ್ಸ್ ಏಳು ವರ್ಷ ಒಳಗೊಳಗೇ ಪ್ರೀತಿಸಿದ. 2000ದಲ್ಲಿ ಇಬ್ಬರೂ ಒಂದಾದರು. ಅಲ್ಲಿಂದ ಎರಡು ಮೂರು ವರ್ಷ ಶೋ ಕುಂಟಿತು. ಅದೇ ಹೊತ್ತಿಗೆ ಮುಖ್ಯ ಬರಹಗಾರ ಕ್ರಿಸ್ಟೋಫರ್ ಲಾಯ್ಡ್ ಬಿಟ್ಟುಹೋಗಿದ್ದರು. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಡೇವಿಡ್ ಏಂಜೆಲ್ ತೀರಿಕೊಂಡರು. ಅವರೂ ಅವರ ಹೆಂಡತಿಯೂ ಅಪಹರಣವಾದ ವಿಮಾನದಲ್ಲಿದ್ದರು. ಕೊನೆಯ ಸೀಸನ್‌ಗೆ ಲಾಯ್ಡ್ ಮತ್ತು ಇನ್ನೊಬ್ಬ ಹಳೆಯ ಬರಹಗಾರ ಜೋ ಕೀನನ್ ವಾಪಸು ಬಂದ ಮೇಲೆ ಹಳೆ ಕಳೆ ಮರಳಿತು.

ಈ ವ್ಯತ್ಯಾಸದ ಬೆಲೆ ತೆತ್ತಿದ್ದು 2023ರಲ್ಲಿ. ಪ್ಯಾರಾಮೌಂಟ್ ಪ್ಲಸ್‌ಗಾಗಿ ಗ್ರ್ಯಾಮರ್ ಮತ್ತೆ ಫ್ರೇಜರ್ ಆದರು. ಊರು ಮತ್ತೆ ಬಾಸ್ಟನ್. ಮಾರ್ಟಿನ್ ಪಾತ್ರದ ಜಾನ್ ಮಹೋನಿ 2018ರಲ್ಲೇ ತೀರಿಕೊಂಡಿದ್ದರು, ಹಾಗಾಗಿ ಮಾರ್ಟಿನ್ ಇಲ್ಲ. ಪಿಯರ್ಸ್ ಬರಲು ಒಪ್ಪಲಿಲ್ಲ, ಹಾಗಾಗಿ ನೈಲ್ಸ್ ಇಲ್ಲ. ದೊಡ್ಡವನಾದ ಫ್ರೆಡಿ ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡುತ್ತಾನೆ, ಬಿಯರ್ ಕುಡಿಯುತ್ತಾನೆ. ಅಪ್ಪ ಬಂದು ಮಗನ ಜೊತೆ ಸೇರಿಕೊಳ್ಳುತ್ತಾನೆ. ಅಂದರೆ ಹಳೆಯ ಲೆಕ್ಕವನ್ನೇ ತಿರುಗಿಸಿ ಬರೆದದ್ದು. ಅಷ್ಟೇ ಅಲ್ಲ, ಎಲ್ಲರೂ ಸೇರುವುದಕ್ಕೆ ಒಂದು ಬಾರ್ ಬೇರೆ ಇಟ್ಟರು. ಮಹೋನಿ ನೆನಪಿಗೆ ಅದಕ್ಕೆ ಅವರದೇ ಹೆಸರು.

ಕಾಗದದ ಮೇಲೆ ಎಲ್ಲವೂ ಸರಿ. ನಗುವೂ ಅಲ್ಲಲ್ಲಿ ಇತ್ತು. ಅಲನ್ ಎಂಬ ಸೋಮಾರಿ ಪ್ರೊಫೆಸರ್ ಪಾತ್ರದಲ್ಲಿ ನಿಕೊಲಸ್ ಲಿಂಡ್‌ಹರ್ಸ್ಟ್ ಚೆನ್ನಾಗಿಯೇ ಮಾಡಿದರು. ಆದರೆ ಸಂಸಾರದ ಕಥೆಯನ್ನು ಬಾರ್ ಕಥೆಯ ಹಾಗೆ ನಡೆಸಲು ಹೋದರು. ಒಬ್ಬರು ಹೋದರೆ ಇನ್ನೊಬ್ಬರನ್ನು ಆ ಸ್ಟೂಲ್ ಮೇಲೆ ಕೂರಿಸಿದರಾಯಿತು ಎಂಬ ಲೆಕ್ಕ. ನೈಲ್ಸ್ ಇಲ್ಲದ ಫ್ರೇಜರ್ ಪಕ್ಕದಲ್ಲಿ ಅವನನ್ನು ಸಾಮಾನ್ಯನನ್ನಾಗಿ ಮಾಡುವವರು ಯಾರೂ ಇರಲಿಲ್ಲ. ನೈಲ್ಸ್ ಮತ್ತು ಡ್ಯಾಫ್ನಿಯ ಮಗ ಡೇವಿಡ್ ಅಂತ ಒಬ್ಬನನ್ನು ತಂದರು. ಅಪ್ಪನ ನಡಿಗೆ, ಅಪ್ಪನ ಹೆದರಿಕೆ. ನೋಡಿದಷ್ಟೂ ನೈಲ್ಸ್ ಇಲ್ಲದ್ದೇ ಎದ್ದು ಕಾಣುತ್ತಿತ್ತು. ಹತ್ತು ಹತ್ತು ಕಂತುಗಳ ಎರಡು ಸೀಸನ್ ಬಂದವು. 2025ರ ಜನವರಿಯಲ್ಲಿ ನಿಲ್ಲಿಸಿದರು.

ನನ್ನ ಕೇಳಿದರೆ, 1993ರಲ್ಲಿ ಆ ಮೂವರು ಮಾಡಿದ್ದನ್ನೇ ಇವರೂ ಮಾಡಬೇಕಿತ್ತು. ಫ್ರೆಡಿಯನ್ನೇ ನಾಯಕ ಮಾಡಿ, ಬಾಸ್ಟನ್‌ನಿಂದ ದೂರದ ಯಾವುದೋ ಊರಿನ ಫೈರ್ ಸ್ಟೇಷನ್‌ಗೆ ಹಾಕಬೇಕಿತ್ತು. ಹಾರ್ವರ್ಡ್ ಬಿಟ್ಟು ಬೆಂಕಿ ಆರಿಸಲು ಹೋದ ಹುಡುಗ. ಅಪ್ಪ ಅಮ್ಮ ಇಬ್ಬರೂ ಮನೋವೈದ್ಯರು. ಅವನಲ್ಲಿ ಎರಡು ಮುಖ ಇದ್ದೇ ಇವೆ. ಫ್ರೇಜರ್ ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ, ಸೂಟ್‌ಕೇಸ್ ಹಿಡಿದು ಬಂದು ಮಗನ ಸೋಫಾ ಸರಿಯಿಲ್ಲ ಅಂತ ಗೊಣಗಿ ಹೋದರೆ ಸಾಕಿತ್ತು.